ಪೇಜ್‌ಮೇಕರ್ ಬಿಟ್ಟರೆ ಪತ್ರಿಕೆಯ ಪುಟ ಕಟ್ಟುವುದು ಯಾವುದರಲ್ಲಿ?

ಪ್ರಶ್ನೆ: ನಾವು ಕೆಲವರು ಸೇರಿ ಹದಿನೈದು ವರ್ಷಗಳಿಂದ 48 ಪುಟಗಳ ತ್ರೈಮಾಸಿಕವೊಂದನ್ನು ತರುತ್ತಿದ್ದೇವೆ. 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು, ಪೇಜ್‌ಮೇಕರ್ 7ರಲ್ಲಿ ಪುಟವಿನ್ಯಾಸ, ಫೋಟೊಶಾಪ್‌ನಲ್ಲಿ ಚಿತ್ರ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ನಮ್ಮ ಹಳೆಯ ಕಂಪ್ಯೂಟರ್‌ಗೆ ವಿಂಡೋಸ್ 11 ಹಿಡಿಸುವುದಿಲ್ಲ. ಸ್ವತಂತ್ರ ತಂತ್ರಾಂಶಗಳಿಗೆ (ಯಾರು ಬೇಕಾದರೂ ಬಳಸಿ ಬದಲಿಸಿಕೊಳ್ಳಬಹುದಾದವು) ಬದಲಾದವರು ದಯವಿಟ್ಟು ಅನುಭವ ತಿಳಿಸಬೇಕು.

ಪುಟವಿನ್ಯಾಸ ಮಾಡುವ ಒಬ್ಬರು: ಸ್ವಾಮಿ, ಪೇಜ್‌ಮೇಕರ್‌ಗೆ ಬದಲಿ ಸ್ಕ್ರೈಬಸ್. ಅದರ ಹಳೆಯ 1.4 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತಿದ್ದವು, ನಾನೂ ಒಮ್ಮೆ ಬೇಸತ್ತು ಬಿಟ್ಟಿದ್ದೆ, ಈಗಿನ 1.6ರಲ್ಲಿ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪದ್ಧತಿ) ಕನ್ನಡ ಸರಿಯಾಗಿ ಕೂರುತ್ತದೆ. ಆದರೆ ನಿಮ್ಮ ನಿಜವಾದ ತೊಡಕು ಹಳೆಯ ಸಂಚಿಕೆಗಳ ಪಠ್ಯದಲ್ಲಿದೆ. ಪೇಜ್‌ಮೇಕರ್ ಯೂನಿಕೋಡ್ ಅರಿಯದ ಕಾರಣ ನೀವು ಇಷ್ಟು ವರ್ಷ ಟೈಪು ಮಾಡಿಸಿದ್ದೆಲ್ಲ ನುಡಿಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುವ) ಫಾಂಟಿನಲ್ಲಿರುತ್ತದೆ, ಅಂದರೆ ಕಂಪ್ಯೂಟರ್‌ನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಫಾಂಟ್ ಬದಲಿಸಿ ನೋಡಿ, 'ಕ' ಇದ್ದ ಜಾಗದಲ್ಲಿ ಇಂಗ್ಲಿಷಿನ 'ಪಿ' ಅಕ್ಷರವೂ ಅದರ ಪಕ್ಕಕ್ಕೆ ತಲೆಯ ಮೇಲೆ ಗೀಟಿರುವ ಒಂದು 'ಎ'ಯೂ ಕಾಣುತ್ತವೆ.

ಆದ್ದರಿಂದ ಮೊದಲು ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಕಣ್ಣುಮುಚ್ಚಿ ನಂಬುವಂತಿಲ್ಲ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಆ ರಕಾರ ಮೊದಲು ಬರಬೇಕು; ಹೀಗಾಗಿ 'ಕಾರ್ಯ', 'ಧರ್ಮ'ದಂಥ ಪದಗಳು ಕೆಲವೊಮ್ಮೆ ಕೆಡುತ್ತವೆ. ಲೇಖನದ ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿಬಿಡುತ್ತದೆ. ನಮ್ಮಲ್ಲಿ ಲೇಖಕರೊಬ್ಬರ ಮಿಂಚಂಚೆ ವಿಳಾಸ ಹೀಗೆಯೇ ಅಚ್ಚಾಗಿಹೋಗಿ, ಅವರು ಮುಂದಿನ ಸಂಚಿಕೆಯವರೆಗೂ ನನ್ನೊಡನೆ ಮಾತಾಡಲಿಲ್ಲ. ಕರಡು ತಿದ್ದುವವರಿಗೆ ಒಂದು ಸುತ್ತು ಹೆಚ್ಚಿನ ಕೆಲಸವೆಂದು ಮೊದಲೇ ಹೇಳಿಡಿ.

ಟೈಪು ಮಾಡುವವರ ಬೆರಳಿನ ಅಭ್ಯಾಸದ ಬಗ್ಗೆ ಚಿಂತೆ ಬೇಡ. ನುಡಿಯ ಕೀಲಿಮಣೆ ವಿನ್ಯಾಸವೇ ಲಿನಕ್ಸ್‌ನಲ್ಲಿ (ವಿಂಡೋಸ್‌ಗೆ ಬದಲಾಗಿ ಹಾಕಿಕೊಳ್ಳುವ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆ) 'ಕಗಪ' ಎಂಬ ಹೆಸರಿನಲ್ಲಿ ಮೊದಲಿನಿಂದಲೇ ಇರುತ್ತದೆ. ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರಾಯಿತು.

ಮುದ್ರಣಾಲಯದ ಕೆಲಸ ಬಲ್ಲವರು: ಚಿತ್ರಗಳಿಗೆ ಗಿಂಪ್, ಗೆರೆಚಿತ್ರ ಹಾಗೂ ಲಾಂಛನಗಳಿಗೆ ಇಂಕ್‌ಸ್ಕೇಪ್ ಸಾಕು. ಆದರೆ ಇವೆರಡೂ ಮೂಲತಃ ಪರದೆಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕಿನ) ಬಣ್ಣಗಳಲ್ಲಿ ಕೆಲಸ ಮಾಡುವುದರಿಂದ, ಪರದೆಯ ಮೇಲಿನ ಗಾಢ ನೀಲಿ ಹಾಳೆಯ ಮೇಲೆ ನೇರಳೆಗೆ ತಿರುಗಿದರೆ ಆಶ್ಚರ್ಯಪಡಬೇಡಿ. ಸ್ಕ್ರೈಬಸ್‌ನಿಂದ ಮುದ್ರಣಕ್ಕೆಂದು ಪಿಡಿಎಫ್ ತೆಗೆಯುವಾಗ ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣಗಳಿಗೆ ಬದಲಾಯಿಸಿ, ಫಾಂಟ್‌ಗಳನ್ನು ಕಡತದೊಳಗೇ ಸೇರಿಸಿ, ರಕ್ಷಾಪುಟದ ಒಂದು ಪ್ರತಿ ಮಾದರಿಗೆ ಹಾಕಿಸಿ ನೋಡಿರಿ. ಕೋರೆಲ್ ಎಂಬ ವಿನ್ಯಾಸ ತಂತ್ರಾಂಶದ ಕಡತವೇ ಬೇಕೆಂದು ಹಟ ಹಿಡಿಯುವ ಮುದ್ರಕರೂ ಇದ್ದಾರೆ. ಪಿಡಿಎಫ್ ಒಪ್ಪುತ್ತಾರೆಯೇ ಎಂದು ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು.

ಕಚೇರಿ ಕೆಲಸದವರೊಬ್ಬರು: ವರ್ಡ್ ಬದಲಿಗೆ ನಾನು ಏಳು ವರ್ಷಗಳಿಂದ ಲಿಬ್ರೆಆಫೀಸ್ ಬಳಸುತ್ತಿದ್ದೇನೆ. ಲೇಖಕರು 'ತುಂಗಾ' ಫಾಂಟಿನಲ್ಲಿ ಕಳಿಸಿದ ವರ್ಡ್ ಕಡತ ಲಿನಕ್ಸ್‌ನಲ್ಲಿ ತೆರೆದಾಗ ಎರಡು ಪುಟದ್ದು ಮೂರಾಗಬಹುದು, ಏಕೆಂದರೆ ಆ ಫಾಂಟ್ ವಿಂಡೋಸ್ ಜೊತೆ ಬರುವಂಥದ್ದು, ಪಠ್ಯಕ್ಕೇನೂ ಆಗಿರುವುದಿಲ್ಲ. ಹಳೆಯ ಪೇಜ್‌ಮೇಕರ್ ಕಡತಗಳನ್ನೂ ಲಿಬ್ರೆಆಫೀಸ್‌ನ ಚಿತ್ರ ಬಿಡಿಸುವ ಭಾಗವಾದ ಡ್ರಾದಲ್ಲಿ ತೆರೆದು ನೋಡಬಹುದು, ವಿನ್ಯಾಸ ಅಲ್ಲಲ್ಲಿ ಜರುಗಿದರೂ ಬರಹ ಕೈಗೆ ಸಿಗುತ್ತದೆ. ಇನ್ನೊಂದು ಮಾತು: ಈ ಎಲ್ಲ ತಂತ್ರಾಂಶಗಳೂ ವಿಂಡೋಸ್‌ನಲ್ಲಿಯೂ ಓಡುತ್ತವೆ. ಈಗಿರುವ ಕಂಪ್ಯೂಟರ್‌ನಲ್ಲಿಯೇ ಒಂದೊಂದಾಗಿ ಕೈ ಪಳಗಿಸಿಕೊಂಡು, ಲಿನಕ್ಸ್ ಹಾಕುವುದನ್ನು ಕೊನೆಗಿಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಲು ಹೋದವರು ತಿಂಗಳೊಳಗೆ ಹಿಂದಿರುಗಿದ್ದನ್ನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಬರುವ ಸಂಚಿಕೆಯ ಪುಸ್ತಕ ಪರಿಚಯದ ನಾಲ್ಕು ಪುಟಗಳನ್ನು ಮಾತ್ರ ಸ್ಕ್ರೈಬಸ್‌ನಲ್ಲಿ ಕಟ್ಟಿ, ಮಿಕ್ಕಿದ್ದನ್ನು ಹಳೆಯ ರೀತಿಯಲ್ಲೇ ಮುಗಿಸುತ್ತೇವೆ. ಲೆಕ್ಕಪತ್ರಕ್ಕೆ ಟ್ಯಾಲಿ ಇದೆ, ಅದನ್ನೂ ಬಿಡಬೇಕೇ?

ಕಚೇರಿ ಕೆಲಸದವರು: ನಿಮ್ಮ ಲೆಕ್ಕಿಗರು ಜಿಎಸ್‌ಟಿ ವಿವರಗಳನ್ನು ಅದರಿಂದಲೇ ತೆಗೆಯುತ್ತಿದ್ದರೆ ಸದ್ಯಕ್ಕೆ ಅದರ ತಂಟೆಗೆ ಹೋಗಬೇಡಿ. ಚಂದಾದಾರರ ಪಟ್ಟಿಯನ್ನು ಮಾತ್ರ ಲಿಬ್ರೆಆಫೀಸ್‌ನ ಕೋಷ್ಟಕದ ಭಾಗವಾದ ಕ್ಯಾಲ್ಕ್‌ಗೆ ತನ್ನಿರಿ, ವಿಳಾಸದ ಚೀಟಿಗಳನ್ನು ಆ ಪಟ್ಟಿಯಿಂದಲೇ ಮುದ್ರಿಸಿಕೊಳ್ಳಬಹುದು.