ಪದಚರ್ಚೆ: ಉಕ್ರೇನಿಗೆ ಹೋಗುತ್ತಿರುವುದು ನೆರವೋ, ಕುಮ್ಮಕ್ಕೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದಿಂದಾಗಿ ಹೋದ ವಾರ ಬೈಸಿಕೊಂಡೆ. ಗೆಳೆಯರೊಬ್ಬರು ನಡೆಸುವ ಸಣ್ಣ ಮಾಸಪತ್ರಿಕೆಗೆ ಉಕ್ರೇನ್ ಯುದ್ಧದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ‘ಅಮೆರಿಕ ಮತ್ತು ಯುರೋಪಿನ ಕುಮ್ಮಕ್ಕಿನಿಂದ ಉಕ್ರೇನ್ ಇಷ್ಟು ದಿನ ತಡೆದು ನಿಂತಿದೆ’ ಎಂಬ ವಾಕ್ಯ ಇತ್ತು. ಗೆಳೆಯರು ಫೋನ್ ಮಾಡಿದರು. “ಏನ್ರೀ, ಯಾವಾಗ ಪುಟಿನ್ ಪಾರ್ಟಿ ಸೇರಿದ್ರಿ?”

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ವಾಕ್ಯವನ್ನು ಇನ್ನೊಮ್ಮೆ ಓದಿದೆ. ಅವರು ಹೇಳಿದ್ದು ಸರಿ. ‘ಆತ್ಮಹತ್ಯೆಗೆ ಕುಮ್ಮಕ್ಕು’, ‘ಗಲಭೆಗೆ ಕುಮ್ಮಕ್ಕು’, ‘ಉಗ್ರರಿಗೆ ಕುಮ್ಮಕ್ಕು’. ಪೇಪರಿನಲ್ಲಿ ಈ ಪದ ಬರುವುದೇ ಹೀಗೆ. ಒಳ್ಳೆಯ ಕೆಲಸಕ್ಕೆ ಯಾರೂ ಕುಮ್ಮಕ್ಕು ಕೊಡುವುದಿಲ್ಲ. ‘ಮಗಳ ಓದಿಗೆ ಅಪ್ಪನ ಕುಮ್ಮಕ್ಕು’ ಎಂದು ಬರೆದು ನೋಡಿ, ಮಗಳು ಏನೋ ಕಿತಾಪತಿ ಮಾಡಿದ್ದಾಳೆ ಅನ್ನಿಸುತ್ತದೆ.

ಹಾಗಾದರೆ ನನ್ನ ಪೆನ್ನಿಗೆ ಅದು ಬಂದದ್ದು ಹೇಗೆ? ನಾನು ಹುಟ್ಟಿದ್ದು ಸುಳ್ಯದ ಕಡೆ. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಪದ ಕುಮ್ಕಿ. ದಕ್ಷಿಣ ಕನ್ನಡದವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ವರ್ಗ ಜಮೀನಿನ (ಅಂದರೆ ಸ್ವಂತ ಹಿಡುವಳಿಯ) ಗಡಿಯಿಂದ 100 ಗಜದೊಳಗೆ ಇರುವ ಸರ್ಕಾರಿ ಜಾಗವೇ ಕುಮ್ಕಿ. ಜಾಗ ನಮ್ಮದಲ್ಲ, ಆದರೆ ಅಲ್ಲಿಂದ ಸೊಪ್ಪು, ಸೌದೆ, ಹುಲ್ಲು ತರುವ ಹಕ್ಕು ನಮ್ಮದು. ಅಜ್ಜನ ತೋಟ ನಿಂತದ್ದೇ ಕುಮ್ಕಿಯ ಸೊಪ್ಪಿನ ಮೇಲೆ. ದನದ ಹಟ್ಟಿಗೆ ಸೊಪ್ಪು ಹಾಕದಿದ್ದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದಿದ್ದರೆ ಅಡಿಕೆ ಇಲ್ಲ. ಅಂದರೆ ತೋಟಕ್ಕೆ ಪಕ್ಕದ ಗುಡ್ಡ ಕೊಡುವ ಆಸರೆ ಕುಮ್ಕಿ. ಕಾಡಾನೆ ಹಿಡಿಯಲು ಕರೆದೊಯ್ಯುವ ಪಳಗಿದ ಆನೆಯೂ ಕುಮ್ಕಿಯೇ. ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಇಂಥದೇ ಕೆಲಸಕ್ಕೆ ಹೋಗಿ, ಕಾಡಾನೆಯ ಜೊತೆ ಕಾದಾಡಿ ಸತ್ತ. 2025ರಲ್ಲಿ ನಮ್ಮ ಸರ್ಕಾರ ಆಂಧ್ರಕ್ಕೆ ಕುಮ್ಕಿ ಆನೆಗಳನ್ನು ಕೊಟ್ಟಿತು. ಇದೂ ಒಂದು ಬಗೆಯಲ್ಲಿ ಪಕ್ಕದವರಿಗೆ ಪಡೆ ಕಳಿಸಿದ ಹಾಗೆಯೇ ಅಲ್ವಾ?

ಈ ಕುಮ್ಕಿಗೂ ಆ ಕುಮ್ಮಕ್ಕಿಗೂ ಬೇರು ಒಂದೇ. ಪರ್ಷಿಯನ್ನಿನ ಕುಮಕ್. ಪರ್ಷಿಯನ್ನಿಗೆ ಅದು ಬಂದದ್ದು ತುರ್ಕಿ ಬಳಗದ ಮಾತುಗಳಿಂದ. ಅಜರ್‌ಬೈಜಾನ್, ಕಜಕಸ್ತಾನದ ಜನ ಸಹಾಯ ಅನ್ನುವುದಕ್ಕೆ ಇವತ್ತಿಗೂ ಕೊಮೆಕ್ ಎನ್ನುತ್ತಾರೆ. ಮೊಘಲರ ಕಾಲದಲ್ಲಿ ಕುಮಕ್ ಎಂದರೆ ಪಕ್ಕಾ ದಂಡಿನ ಪದ. ಒಂದು ಪಡೆ ಕಷ್ಟಕ್ಕೆ ಸಿಕ್ಕಾಗ ಬೇರೆ ಕಡೆಯಿಂದ ಬಂದು ಕೂಡಿಕೊಳ್ಳುವ ಹೆಚ್ಚಿನ ಪಡೆ. ಅಂದರೆ ನಾವು ಈಗ ‘ಮಿಲಿಟರಿ ನೆರವು’ ಎಂದು ಹೊಸದಾಗಿ ಹೊಲಿದುಕೊಂಡಿರುವ ಪದಕ್ಕೆ ಮನೆಯಲ್ಲೇ ಒಂದು ಹಳೆಯ ಪದ ಇತ್ತು. ನಾವೇ ಅದನ್ನು ಕೆಡಿಸಿಕೊಂಡೆವು.

ಅಕ್ಕಪಕ್ಕದವರು ಏನು ಮಾಡಿಕೊಂಡರು ನೋಡಿ. ಮರಾಠಿಯಲ್ಲಿ ಕುಮಕ್ ಇನ್ನೂ ಶುದ್ಧವಾಗಿದೆ. ಗಲಾಟೆಯಾದ ಊರಿಗೆ ಹೆಚ್ಚುವರಿ ಪೊಲೀಸರು ಬಂದರೆ ಮರಾಠಿ ಪೇಪರಿನಲ್ಲಿ ‘ಜಾದಾ ಕುಮಕ್’ ಬಂತು ಎಂದು ಬರುತ್ತದೆ. ಹಿಂದಿಯಲ್ಲೂ ಕುಮುಕ್ ಎಂದರೆ ಕೂಡಿಕೊಳ್ಳುವ ಪಡೆಯೇ. ತೆಲುಗಿನಲ್ಲಿ ಮಾತ್ರ ಕುಮ್ಮಕ್ಕು ಎಂದರೆ ಒಳಸಂಚು, ಇಬ್ಬರು ಕದ್ದು ಕೈಜೋಡಿಸುವುದು. ‘ಕುಮ್ಮಕ್ಕು ರಾಜಕೀಯಾಲು’ ಎಂದರೆ ನಮ್ಮ ‘ಹೊಂದಾಣಿಕೆ ರಾಜಕೀಯ’. ಒಂದೇ ಪದ ಗಡಿ ದಾಟಿದಂತೆಲ್ಲ ಬೇರೆ ಬೇರೆ ಕೇಸು ಹಾಕಿಸಿಕೊಂಡಿದೆ.

ಈಗ ಉಕ್ರೇನಿಗೆ ಬರುತ್ತೇನೆ. 2022ರ ಫೆಬ್ರವರಿ 24ರಂದು ರಷ್ಯಾ ದಂಡೆತ್ತಿ ಬಂತು. (‘ಆಕ್ರಮಣ ನಡೆಸಿತು’ ಎನ್ನುವುದಕ್ಕಿಂತ ನನಗೆ ‘ದಂಡೆತ್ತಿ ಬಂತು’ ಇಷ್ಟ. ಟ್ಯಾಂಕು ಸಾಲಾಗಿ ಬರುವುದು ಕಣ್ಣಿಗೆ ಕಟ್ಟುತ್ತದೆ.) ರಷ್ಯಾ ಅದನ್ನು ಯುದ್ಧ ಅನ್ನಲಿಲ್ಲ, ‘ವಿಶೇಷ ಸೇನಾ ಕಾರ್ಯಾಚರಣೆ’ ಎಂದಿತು. ಮಾರ್ಚ್ ಮೊದಲ ವಾರದಲ್ಲೇ ಅಲ್ಲಿ ಒಂದು ಕಾನೂನು ಬಂತು. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹಬ್ಬಿಸಿದರೆ 15 ವರ್ಷದ ತನಕ ಜೈಲು. ಯುದ್ಧವನ್ನು ಯುದ್ಧ ಎಂದವರ ಮೇಲೂ ಕೇಸು ಬಿತ್ತು. ಪದಚರ್ಚೆ ಮಾಡುತ್ತಾ ಕಾಫಿ ಕುಡಿಯುವ ನಮ್ಮಂಥವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಅದೇ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಸಿಕ್ಕಿ ತೀರಿಕೊಂಡ. ನಮಗೂ ಅದು ದೂರದ ಯುದ್ಧವಾಗಿ ಉಳಿಯಲಿಲ್ಲ.

ಹೊರಗಿನಿಂದ ಬರುವ ಆಯುಧಗಳನ್ನು ಉಕ್ರೇನಿನವರು ದೊಪೊಮೊಹ ಎನ್ನುತ್ತಾರೆ. ಸಹಾಯ, ಅಷ್ಟೇ. ಮಾಸ್ಕೋದ ಮಂತ್ರಿಗಳು ಬೇರೆ ಕ್ರಿಯಾಪದ ಬಳಸುತ್ತಾರೆ. ಪಶ್ಚಿಮದವರು ಉಕ್ರೇನಿಗೆ ಆಯುಧವನ್ನು ‘ಪಂಪು ಮಾಡುತ್ತಿದ್ದಾರೆ’ ಎಂದು. ಟ್ಯೂಬಿಗೆ ಗಾಳಿ ತುಂಬಿಸಿದ ಹಾಗೆ. ಇದನ್ನು ಕನ್ನಡಕ್ಕೆ ತರಬೇಕಾದರೆ ಇವತ್ತಿನ ಅರ್ಥದ ಕುಮ್ಮಕ್ಕೇ ಸರಿ. ಅಂದರೆ ಕೀವ್‌ನಲ್ಲಿ ನಿಂತು ನೋಡಿದರೆ ಹಳೆಯ ಕುಮಕ್, ಮಾಸ್ಕೋದಲ್ಲಿ ನಿಂತು ನೋಡಿದರೆ ಹೊಸ ಕುಮ್ಮಕ್ಕು. ನನ್ನ ವಾಕ್ಯ ತಿಳಿಯದೆಯೇ ಎರಡೂ ಕಡೆ ಕಾಲಿಟ್ಟಿತ್ತು.

ಪತ್ರಿಕೆಯ ಗೆಳೆಯರು “ಸುಮ್ನೆ ಸೇನಾ ನೆರವು ಅಂತ ಹಾಕಿ” ಎಂದರು. ಹಾಕಬಹುದು. ನೆರವು ಚೆಂದದ ಪದ. ‘ನೆರೆದ ಜನ’ ಎನ್ನುವಾಗಿನ ನೆರೆ, ಅಂದರೆ ಕೂಡು ಅನ್ನುವ ಅರ್ಥ ಅದರಲ್ಲಿ ಕೇಳಿಸುತ್ತದೆ. ಆದರೆ ತಲೆಬರಹ ಕೊಡುವಾಗ ಎಚ್ಚರ. ‘ನೆರೆಯ ಹೊಡೆತ: ಉಕ್ರೇನಿಗೆ ನೆರವು’ ಎಂದು ನಾನು ಬರೆದದ್ದನ್ನು ಮನೆಯವಳು ನೋಡಿ, “ಅಲ್ಲೂ ಪ್ರವಾಹ ಬಂತಾ?” ಎಂದಳು.

ಇನ್ನೊಂದು ಪದ ನನ್ನನ್ನು ನಗಿಸಿತು. ಕೊಡುವ ದೇಶಗಳು ಸಹಾಯವನ್ನು ಎರಡಾಗಿ ವಿಂಗಡಿಸುತ್ತವೆ. ಕೊಲ್ಲುವ ಸಾಮಾನು ಒಂದು ಕಡೆ, ಕೊಲ್ಲದ ಸಾಮಾನು ಇನ್ನೊಂದು ಕಡೆ. ಹೆಲ್ಮೆಟ್, ಔಷಧಿ, ವೈರ್‌ಲೆಸ್ ಸೆಟ್ಟು ಕೊಲ್ಲದವು. ಯುದ್ಧ ಶುರುವಾಗುವ ಮುಂಚೆ, 2022ರ ಜನವರಿಯಲ್ಲಿ, ಜರ್ಮನಿ 5000 ಹೆಲ್ಮೆಟ್ ಕೊಡುತ್ತೇವೆ ಎಂದಿತ್ತು. ಕೀವ್ ಮೇಯರ್ ವಿಟಾಲಿ ಕ್ಲಿಚ್ಕೊ ಸಿಟ್ಟಾಗಿ, ಮುಂದಿನ ಸಲ ದಿಂಬು ಕಳಿಸುತ್ತೀರಾ ಎಂದು ಕೇಳಿದರು. ದಂಡು ಒಳಗೆ ಬಂದು ಎರಡೇ ದಿನಕ್ಕೆ ಅದೇ ಜರ್ಮನಿ 1000 ಟ್ಯಾಂಕ್ ನಾಶಕಗಳನ್ನೂ 500 ಸ್ಟಿಂಗರ್ ಕ್ಷಿಪಣಿಗಳನ್ನೂ ಕೊಡಲು ಒಪ್ಪಿತು. ಈ ಕೊಲ್ಲುವ ಬಗೆಯನ್ನು ಒಂದು ಅನುವಾದದಲ್ಲಿ ‘ಮಾರಕ ನೆರವು’ ಎಂದು ಬರೆದಿದ್ದರು. ಓದಿದವರಿಗೆ ಏನನ್ನಿಸಬೇಕು? ತೆಗೆದುಕೊಂಡವನೇ ಸಾಯುವಂಥ ನೆರವು! ‘ಆಯುಧದ ನೆರವು’ ಎಂದರೆ ಮುಗಿಯಿತಲ್ಲ. ಕೊಲ್ಲದಿದ್ದದ್ದಕ್ಕೆ ‘ಸಾಮಗ್ರಿ ನೆರವು’. ಇದಕ್ಕೆ ಯಾರಾದರೂ ತಕರಾರು ತೆಗೆಯುವುದಿದ್ದರೆ ತೆಗೆಯಿರಿ, ನಾನು ಮಾತ್ರ ಬದಲಿಸುವುದಿಲ್ಲ.

ನನಗೆ ನಿಜವಾಗಿ ಕಷ್ಟ ಕೊಟ್ಟದ್ದು ಎರಡನೇ ಮಹಾಯುದ್ಧದಲ್ಲಿ ಮಿತ್ರ ದೇಶಗಳಿಗೆ ಯುದ್ಧದ ಸಾಮಾನು ಕೊಡಲು ಅಮೆರಿಕ ಮಾಡಿದ 1941ರ ಕಾನೂನು, ಲೆಂಡ್-ಲೀಸ್. ನಮ್ಮ ಪುಸ್ತಕಗಳಲ್ಲಿ ‘ಸಾಲ-ಗುತ್ತಿಗೆ ಕಾಯಿದೆ’ ಎಂಬಂಥ ಪದಗಳಿವೆ. ಗುತ್ತಿಗೆ ಎಂದ ಕೂಡಲೇ ನನಗೆ ಕಾಣುವುದು ರಸ್ತೆ ಕಂಟ್ರಾಕ್ಟರು. ಈ ಕಾನೂನನ್ನು ಜನರಿಗೆ ಒಪ್ಪಿಸುವಾಗ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಹೋಲಿಕೆ ಕೊಟ್ಟಿದ್ದರು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ, ನನ್ನ ಹತ್ತಿರ ನೀರಿನ ಪೈಪ್ ಇದೆ. ಮೊದಲು 15 ಡಾಲರ್ ಕೊಡು ಎಂದು ಕೇಳುತ್ತೇನಾ? ಬೆಂಕಿ ಆರಿದ ಮೇಲೆ ಪೈಪ್ ವಾಪಸ್ ಕೊಟ್ಟರೆ ಸಾಕು. ಇದಕ್ಕೆ ನಮ್ಮ ಅಡುಗೆಮನೆಯಲ್ಲಿ ಪದ ಇಲ್ಲವೇ? ಇದೆ. ಕಡ. ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ಕಡ ತರುವುದು. ಬರವಣಿಗೆ ಇಲ್ಲ, ಬಡ್ಡಿ ಇಲ್ಲ, ತಂದದ್ದನ್ನೇ ತಿರುಗಿ ಕೊಡಬೇಕು. ದುಡ್ಡಾದರೆ ಕೈಗಡ. ನಾನು ಧೈರ್ಯ ಮಾಡಿ ‘ಕಡದ ಕಾಯಿದೆ’ ಎಂದು ಬರೆದೆ. ಗೆಳೆಯರು ‘ಕಡೆದ ಕಾಯಿದೆ’ ಎಂದು ಓದಿಕೊಂಡು, “ಮಜ್ಜಿಗೆ ಕಡೆಯೋದಾ?” ಎಂದರು. ನೀವಾದರೂ ಬೇರೆ ಏನಾದರೂ ಹೇಳಿ.

ಆ ಕಾನೂನಿನಡಿ ಸೋವಿಯತ್ ಒಕ್ಕೂಟಕ್ಕೆ ಸುಮಾರು 1100 ಕೋಟಿ ಡಾಲರ್ ಬೆಲೆಯ ಸಾಮಾನು ಹೋಯಿತು. ಲಾರಿ, ವಿಮಾನ, ಡಬ್ಬಿ ಮಾಂಸ, ಬೂಟು. ಒಂದಷ್ಟು ಇರಾನಿನ ದಾರಿಯಲ್ಲಿ, ಒಂದಷ್ಟು ಉತ್ತರದ ಮೂರ್ಮನ್ಸ್ಕ್ ಬಂದರಿಗೆ. ಉಕ್ರೇನ್ ಆಗ ಅದೇ ಒಕ್ಕೂಟದೊಳಗೆ ಇತ್ತು. ಅಂದು ಹಿಟ್ಲರನ ದಂಡಿನ ವಿರುದ್ಧ ರಷ್ಯಾ ಪಡೆದದ್ದು ನೆರವು, ಇಂದು ರಷ್ಯಾದ ದಂಡಿನ ವಿರುದ್ಧ ಉಕ್ರೇನ್ ಪಡೆದರೆ ಕುಮ್ಮಕ್ಕು. 2022ರ ಮೇ 9ರಂದು ಅಮೆರಿಕ ಉಕ್ರೇನಿಗಾಗಿ ಅದೇ ಹೆಸರಿನ ಹೊಸ ಕಾನೂನು ಮಾಡಿತು. ಮೇ 9 ರಷ್ಯಾದಲ್ಲಿ ಗೆಲುವಿನ ಹಬ್ಬ, ಬೇಕೆಂದೇ ಆ ದಿನ ಸಹಿ ಹಾಕಿದ್ದಿರಬೇಕು. ತಮಾಷೆ ಏನೆಂದರೆ ಆ ಕಾನೂನನ್ನು ಒಮ್ಮೆಯೂ ಬಳಸಲಿಲ್ಲ. 2023ರ ಸೆಪ್ಟೆಂಬರ್ ಕೊನೆಗೆ ಅದರ ಅವಧಿಯೇ ಮುಗಿಯಿತು. ಕೊಟ್ಟದ್ದೆಲ್ಲ ಬೇರೆ ದಾರಿಯಲ್ಲಿ ಹೋಯಿತು. ಒಂದೋ ತಮ್ಮ ಉಗ್ರಾಣದಿಂದ ತೆಗೆದು ಕೊಡುವುದು, ಇಲ್ಲವೇ ಕಾರ್ಖಾನೆಗೆ ಆರ್ಡರ್ ಹಾಕಿ ಮಾಡಿಸಿ ಕೊಡುವುದು. ನೆರವಿನ ದುಡ್ಡಿನಲ್ಲಿ ಒಳ್ಳೆಯ ಪಾಲು ಅಮೆರಿಕದ ಒಳಗೇ ಖರ್ಚಾಯಿತು. ಉದಾಹರಣೆಗೆ, ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ ಫಿರಂಗಿ ಗುಂಡು ಮಾಡುವ ಕಾರ್ಖಾನೆ ಇದೆ. 2024ರಲ್ಲಿ ಝೆಲೆನ್ಸ್ಕಿ ಅಲ್ಲಿಗೇ ಹೋಗಿ ಕೆಲಸಗಾರರಿಗೆ ಥ್ಯಾಂಕ್ಸ್ ಹೇಳಿ ಬಂದರು.

2025ರಲ್ಲಿ ಪದಜಗಳವೇ ರಾಜಕೀಯ ಆಯಿತು. ಟ್ರಂಪ್ ಬಂದವರೇ ಕೊಟ್ಟದ್ದನ್ನು ವಾಪಸ್ ಕೇಳಿದರು. ಅದು ಕೊಡುಗೆ, ಸಾಲ ಅಲ್ಲ ಎಂದು ಝೆಲೆನ್ಸ್ಕಿ ಪಟ್ಟು ಹಿಡಿದರು. ಕನ್ನಡದಲ್ಲಾದರೆ ಟ್ರಂಪ್ ಅವರ ಇಡೀ ದೂರು ಒಂದೇ ಸಾಲಿನದು, ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಮಾರ್ಚ್‌ನಲ್ಲಿ ಕೆಲವು ದಿನ ಆಯುಧವನ್ನೂ ಗುಪ್ತ ಮಾಹಿತಿಯನ್ನೂ ನಿಲ್ಲಿಸಿದರು. ಏಪ್ರಿಲ್ 30ಕ್ಕೆ ಖನಿಜ ಒಪ್ಪಂದ ಆಯಿತು. ಜುಲೈ ಹೊತ್ತಿಗೆ ಇನ್ನೊಂದು ಏರ್ಪಾಡು. ಯುರೋಪಿನವರು ದುಡ್ಡು ಕೊಡುವುದು, ಅಮೆರಿಕ ಆಯುಧ ಕೊಡುವುದು, ಉಕ್ರೇನ್ ಪಡೆಯುವುದು. ಇದರಲ್ಲಿ ಅಮೆರಿಕದ್ದು ನೆರವು ಎನ್ನಬಹುದೇ? ನಾನು ಲೇಖನದಲ್ಲಿ ‘ಮಾರಾಟ’ ಎಂದೇ ಬರೆದಿದ್ದೇನೆ.

ಸರ್ಕಾರಗಳನ್ನು ಬಿಟ್ಟು ಜನರೂ ಕೊಟ್ಟರು. 2022ರಲ್ಲಿ ಲಿಥುವೇನಿಯಾದ ಜನ ಕೆಲವೇ ದಿನಗಳಲ್ಲಿ 50 ಲಕ್ಷ ಯೂರೋಗೂ ಜಾಸ್ತಿ ಕೂಡಿಸಿ ಒಂದು ಬೈರಕ್ತಾರ್ ಡ್ರೋನ್ ಕೊಳ್ಳಲು ಹೊರಟರು. ತುರ್ಕಿಯ ಕಂಪನಿ ದುಡ್ಡು ಬೇಡ ಎಂದು ಡ್ರೋನನ್ನು ಹಾಗೇ ಕೊಟ್ಟುಬಿಟ್ಟಿತು. ಇದಕ್ಕೆ ನನ್ನ ಬಳಿ ಪದ ರೆಡಿ ಇತ್ತು, ವಂತಿಗೆ. ಊರ ಜಾತ್ರೆಗೆ ವಂತಿಗೆ ಎತ್ತುವ ಹಾಗೆ ಡ್ರೋನಿಗೆ ವಂತಿಗೆ. ಗೆಳೆಯರು ಇದೊಂದನ್ನು ಮಾತ್ರ ಏನೂ ಅನ್ನದೆ ಒಪ್ಪಿದರು.

ಕುಮಕ್ ಪದವನ್ನು ಮತ್ತೆ ಬಳಕೆಗೆ ತರಬೇಕು ಎನ್ನುವ ನನ್ನ ಆಸೆಗೆ ಎರಡು ಅಡ್ಡಿ ಇವೆ. ನಾನೇ ಹೇಳಿಬಿಡುತ್ತೇನೆ. ಒಂದು, ಕುಮಕ್ ಎಂದರೆ ಬಂದು ಸೇರುವ ಆಳುಗಳು, ಬರೀ ಆಯುಧ ಅಲ್ಲ. ಯಾವ ದೇಶವೂ ಉಕ್ರೇನಿಗೆ ತನ್ನ ದಂಡನ್ನು ಕಾದಾಡಲು ಕಳಿಸಿಲ್ಲ. ಆ ಲೆಕ್ಕದಲ್ಲಿ ಹಳೆಯ ಅರ್ಥದ ಕುಮಕ್ ಸರಿಯಾಗಿ ಕೂರುವುದು 2024ರ ಕೊನೆಗೆ ರಷ್ಯಾದ ಕುರ್ಸ್ಕ್‌ಗೆ ಬಂದ ಉತ್ತರ ಕೊರಿಯಾದ ಸೈನಿಕರಿಗೆ. ಅವರು ಬಂದದ್ದು ರಷ್ಯಾದ ಪರವಾಗಿ! ಇನ್ನೊಂದು, ಸಹಾಯ ಎಂಬ ಪದಕ್ಕೆ ನಮ್ಮ ಶಾಲೆಯ ಪಾಠದಲ್ಲೇ ಒಂದು ಮಚ್ಚೆ ಬಿದ್ದಿದೆ. ‘ಸಹಾಯಕ ಸೈನ್ಯ ಪದ್ಧತಿ’ ನೆನಪಿದೆಯಲ್ಲ? 1798ರಲ್ಲಿ ಹೈದರಾಬಾದಿನ ನಿಜಾಮ, ಮರುವರ್ಷ ಟಿಪ್ಪು ಸತ್ತ ಮೇಲೆ ಮೈಸೂರು. ದಂಡು ಕಂಪನಿಯದು, ಖರ್ಚು ರಾಜರದು. ಉಳಿಯಲು ಬಂದ ಸಹಾಯ ಅದು. ಆ ಟಿಪ್ಪುವೂ ಹೊರಗಿನ ಸಹಾಯ ಕೇಳಿದವನೇ. ಫ್ರೆಂಚರಿಂದ 1798ರಲ್ಲಿ ಮಂಗಳೂರಿಗೆ ಬಂದು ಇಳಿದದ್ದು ಸುಮಾರು ನೂರು ಜನ. ‘ಅಮೆರಿಕದ ನೆರವು’ ಎಂದರೆ ನಮ್ಮಲ್ಲಿ ಕೆಲವರು ಹುಬ್ಬೇರಿಸುವುದಕ್ಕೆ ಈ ಪಾಠವೂ ಕಾರಣ ಇರಬಹುದು. ನನಗೇನೋ ಎರಡೂ ಒಂದೇ ಅನ್ನಿಸುವುದಿಲ್ಲ. ಉಕ್ರೇನಿನವರ ದೂರು ನೆರವು ಬಂದು ಕೂತುಬಿಟ್ಟಿತು ಎಂದಲ್ಲ, ತಡವಾಗಿ ಬಂತು, ಕಡಿಮೆ ಬಂತು ಎಂದು.

ಅದಕ್ಕೇ ಕೇಳುತ್ತಿದ್ದೇನೆ. ಬೆಳಗಾವಿ, ಬೀದರ್, ಕಲಬುರಗಿ ಕಡೆಯವರು ಇಲ್ಲಿ ಇದ್ದೀರಿ. ನಿಮ್ಮ ಮನೆಮಾತಿನಲ್ಲಿ ಕುಮಕ್ ಅಥವಾ ಕುಮ್ಮಕ್ಕು ಒಳ್ಳೆಯ ಅರ್ಥದಲ್ಲಿ ಇನ್ನೂ ಇದೆಯೇ? ‘ಅವನಿಗೆ ಅಣ್ಣನ ಕುಮ್ಮಕ್ಕು ಐತಿ’ ಎಂದರೆ ನಿಮಗೆ ಆಸರೆ ಕೇಳಿಸುತ್ತದೆಯೋ, ಚಿತಾವಣೆ ಕೇಳಿಸುತ್ತದೆಯೋ? ಹಿರಿಯರು ಹೇಳುತ್ತಿದ್ದ ಒಂದೆರಡು ವಾಕ್ಯ ಹಾಗೇ ಬರೆದು ಕಳಿಸಿದರೂ ಸಾಕು. ಶುಕ್ರವಾರದೊಳಗೆ ಲೇಖನ ಕೊಡಬೇಕು. ಸದ್ಯಕ್ಕೆ ಆ ಜಾಗದಲ್ಲಿ ‘ಸೇನಾ ನೆರವು’ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.