ಸಹಾಯ ಬೇಕು: ಅಪ್ಪನ ಆರ್ಕೆಸ್ಟ್ರಾ, ಇಸವಿ ಇಲ್ಲದ ಕಾರ್ಡು

ದಾವಣಗೆರೆಯ ಹಿರಿಯರೇ, ಒಂದು ಉಪಕಾರ ಆಗಬೇಕು. ನಮ್ಮಪ್ಪ 1975ರಲ್ಲಿ ಕಾಟನ್ ಮಿಲ್ ಸೇರಿದವರು. ಶಿಫ್ಟ್ ಮುಗಿಸಿ ಏಳೆಂಟು ಜನ ಸೇರಿ ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದರು. ಹಾರ್ಮೋನಿಯಂ, ತಬಲಾ, ಬಾಡಿಗೆಗೆ ತಂದ ಅಕಾರ್ಡಿಯನ್. ದುಡ್ಡಿಗಲ್ಲ, ಸುಮ್ನೆ ಖುಷಿಗೆ. ಗಣೇಶನ ಪೆಂಡಾಲ್ ಸಿಕ್ಕರೆ ಸಾಕು, ರಾತ್ರಿಯಿಡೀ ನುಡಿಸುತ್ತಿದ್ದರು. (ಮನೆಗೆ ಬಂದ ಮೇಲೆ ಅಮ್ಮನ ಬೈಗುಳ ಬೇರೆ!)

ಅದರ ಕಥೆ ಬರೆದಿಡೋಣ ಎಂದು ಕೂತೆ. ಸಿಕ್ಕಿದ್ದು ಒಂದೇ ಕಾರ್ಡು: ದುಗ್ಗಮ್ಮನ ಜಾತ್ರೆಯ ರಸಮಂಜರಿ, ‘ಮಾರ್ಚ್ 8, ಮಂಗಳವಾರ’. ಇಸವಿಯೇ ಇಲ್ಲ. ‘ಚಿತ್ರದುರ್ಗ ಜಿಲ್ಲೆ’ ಎಂದಿದೆ, ಅಂದರೆ 1997ರಲ್ಲಿ ನಮ್ಮದು ಬೇರೆ ಜಿಲ್ಲೆ ಆಗುವುದಕ್ಕೆ ಮುಂಚಿನದು. ಹಳೇ ಕ್ಯಾಲೆಂಡರ್ ನೋಡಿದೆ. ಮಾರ್ಚ್ 8 ಮಂಗಳವಾರ ಬಿದ್ದಿದ್ದು 1977, 1983, 1988, 1994ರಲ್ಲಿ. ಅಪ್ಪ ಈಗಿಲ್ಲ. ಜೊತೆಗೆ ನುಡಿಸುತ್ತಿದ್ದ ಒಬ್ಬರು ಸಿಕ್ಕರು, ಅವರಿಗೆ ಹಾಡುಗಳೆಲ್ಲ ನೆನಪಿವೆ, ವರ್ಷ ಮಾತ್ರ ಇಲ್ಲ.

ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ? ಹಾಗಾದರೆ ಈ ನಾಲ್ಕರಲ್ಲಿ ಯಾವ ವರ್ಷ ಮಾರ್ಚ್ 8ರ ಹೊತ್ತಿಗೆ ಜಾತ್ರೆ ನಡೆದಿತ್ತು? ಆಗಿನ ಜಾತ್ರೆಯ ಕರಪತ್ರ ಯಾರ ಮನೆಯಲ್ಲಾದರೂ ಇದೆಯಾ?