ಸಹಾಯ ಬೇಕು: ‘ಔಟ್ ಆಫ್ ದ ಬ್ಲೂ’ಗೆ ಒಗ್ಗುವ ಕನ್ನಡ ಮಾತು

ಮಡಿಕೇರಿಯ ಹತ್ತನೇ ತರಗತಿ ಮಕ್ಕಳ ಅಭ್ಯಾಸ ಹಾಳೆಗೆ ಬೇಕಿತ್ತು. ಇಲ್ಲಿ ಬ್ಲೂ ಅಂದರೆ ಮೋಡವಿಲ್ಲದ ಆಕಾಶ. ‘ಎ ಬೋಲ್ಟ್ ಫ್ರಮ್ ದ ಬ್ಲೂ’ ಅಂದರೆ ಅಲ್ಲಿಂದ ಎರಗುವ ಸಿಡಿಲು. ಇದು ನಾಮಪದ. ‘ಔಟ್ ಆಫ್ ದ ಬ್ಲೂ’ (ತೀರಾ ಅನಿರೀಕ್ಷಿತವಾಗಿ) ಕ್ರಿಯಾವಿಶೇಷಣ: ‘ಶಿ ಕಾಲ್ಡ್ ಮಿ ಔಟ್ ಆಫ್ ದ ಬ್ಲೂ’. ಮಕ್ಕಳು ನಡುವಿನ ‘ದ’ ನುಂಗುತ್ತಾರೆ, ಜುಲೈ ಮಳೆಗೂ ಇದನ್ನೇ ಹಚ್ಚುತ್ತಾರೆ. ಕೊಡಗಿನಲ್ಲಿ ಜುಲೈ ಮಳೆ ಯಾರಿಗೆ ಅನಿರೀಕ್ಷಿತ? ಜನವರಿಯಲ್ಲಿ, ಕಣದಲ್ಲಿ ಕಾಫಿ ಒಣಗುತ್ತಿರುವಾಗ ಸುರಿದರೆ ಸರಿ.

‘ಬರಸಿಡಿಲು’ ಚಿತ್ರಕ್ಕೇನೋ ಹೊಂದುತ್ತದೆ, ಆದರೆ ಕೆಟ್ಟ ಸುದ್ದಿಗೆ ಮಾತ್ರ. ‘ಔಟ್ ಆಫ್ ದ ಬ್ಲೂ’ ಒಳ್ಳೆಯದಕ್ಕೂ ನಡೆಯುತ್ತದೆ. ‘ಇದ್ದಕ್ಕಿದ್ದಂತೆ’ ಸಪ್ಪೆ. ಎರಡಕ್ಕೂ ಒಗ್ಗುವ ನುಡಿಗಟ್ಟು, ಕೊಡಗಿನ ನುಡಿಗಳಾದ ಅರೆಭಾಷೆಯದೋ ಕೊಡವ ತಕ್ಕ್‌ನದೋ ಆದರೂ ಸರಿ, ಉದಾಹರಣೆ ವಾಕ್ಯದೊಂದಿಗೆ ತಿಳಿಸಿ.